ಹೊಗೆಗೂಡಿಗೆ ಇಳಿಸಿದ ತಂತಿ

"ಹೊಗೆಗೂಡಿನೊಳಗೆ ಮಾತ್ರ ಏನನ್ನೂ ಇಳಿಸ್ಬೇಡಪ್ಪ. ಹೊರಗೋಡೆ ಮೇಲೆ ಎಷ್ಟು ಪೈಪ್ ಬೇಕಾದ್ರೂ ಹಾಕು, ಗೋಡೆ ಒಡಿ, ಕಿಟಕಿ ಕೀಳು, ನಾನು ತುಟಿ ಪಿಟಕ್ ಅನ್ನಲ್ಲ. ಅದೊಂದು ಬೇಡ."

ಮನೆಯೊಡತಿ ಅಜ್ಜಿ ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಫ್ಯೂಸು ಆಗಲೇ ಹೊಗೆಗೂಡಿನೊಳಗೆ ತಲೆ ತೂರಿಸಿ, ಟಾರ್ಚು ಬಿಟ್ಟು ಮೇಲಕ್ಕೆ ನೋಡುತ್ತಿದ್ದ. ದೇವರು ಕಿವಿ ಕೊಟ್ಟಿರುವುದು ಪೆನ್ಸಿಲ್ ಸಿಕ್ಕಿಸಿಕೊಳ್ಳುವುದಕ್ಕೆ ಎಂದು ನಂಬಿದ್ದ ಎಲೆಕ್ಟ್ರಿಷಿಯನ್ ಅವನು. ಬೇಗ ಬಿಸಿಯಾಗುತ್ತಾನೆ, ಬೇಗ ಹಾರಿಹೋಗುತ್ತಾನೆ ಎಂದು ಜೊತೆಗಾರರು ಇಟ್ಟ ಹೆಸರೇ ಅವನಿಗೆ ಗಟ್ಟಿಯಾಗಿತ್ತು. ಈ ಊರಿಗೆ ಬಂದು ಮೂರು ತಿಂಗಳು. ಕೈಗೆ ಸಿಕ್ಕ ಮೊದಲ ದೊಡ್ಡ ಕೆಲಸ ಇದು.

ಕೆಲಸವೇನೋ ಸುಲಭದ್ದೇ. ಅಜ್ಜಿಗೆ ಅಟ್ಟವನ್ನು ಕೋಣೆ ಮಾಡಿಸಬೇಕಿತ್ತು. ಕೆಳಗೆ ಅಡುಗೆಮನೆ ಬಾಗಿಲ ಪಕ್ಕದ ಮೀಟರ್ ಬೋರ್ಡಿನಿಂದ ಮೇಲಿನ ಅಟ್ಟಕ್ಕೆ ಒಂದು ದಪ್ಪ ಸರ್ವಿಸ್ ವೈರು ಹೋಗಬೇಕು. ಹೊರಗೋಡೆಯ ಮೇಲೆ ಹೋದರೆ ಅರವತ್ತು ಅಡಿ ಪೈಪು, ಏಳು ತಿರುವು, ಎರಡು ದಿನದ ಕೆಲಸ. ಆದರೆ ಮೀಟರಿಗೆ ಸೀಲು ಹಾಕುವ ಸಾಹೇಬರು ಬರುವುದು ಇವತ್ತೇ ಸಂಜೆ ನಾಲ್ಕಕ್ಕೆ. ತಪ್ಪಿದರೆ ಮತ್ತೆ ಅವರು ಯಾವಾಗ ಬರುತ್ತಾರೋ ಆ ಸಾಹೇಬರಿಗೇ ಗೊತ್ತಿಲ್ಲ. ಇತ್ತ ಅಡುಗೆಮನೆಯ ಹಳೇ ಒಲೆಯ ಹೊಗೆ ಹೋಗಲೆಂದು ಗೋಡೆಯೊಳಗೆ ಕಟ್ಟಿದ ಗೂಡು, ಒಲೆ ಆರಿ ಎಷ್ಟೋ ವರ್ಷಗಳಾದರೂ, ನೆಟ್ಟಗೆ ಅಟ್ಟದವರೆಗೆ ಖಾಲಿ ನಿಂತಿತ್ತು.

"ನೋಡಿದ್ಯಾ ಅಕ್ಕಾ? ಮೂರು ಪೈಪು, ಒಂದೂ ತಿರುವಿಲ್ಲ. ಯಾರೋ ಪುಣ್ಯಾತ್ಮ ನಮಗೋಸ್ಕರ ಕಟ್ಟಿಟ್ಟಂಗಿದೆ!"

ಅಕ್ಕ ನಗಲಿಲ್ಲ. ಅವನ ಕೆಲಸದ ಜೊತೆಗಾತಿ ಅವಳೇ. ನಲವತ್ತೆರಡರ ಗಟ್ಟಿ ಹೆಂಗಸು. ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಏಣಿ ಹೊತ್ತು ನಡೆದರೆ ಗಂಡಸರು ಪಕ್ಕಕ್ಕೆ ಸರಿಯುತ್ತಿದ್ದರು. ಅಪ್ಪ ಅಮ್ಮ ಒಂದೇ ಜ್ವರಕ್ಕೆ ಹೋದಾಗ ಅವನಿಗೆ ಆರು, ಅವಳಿಗೆ ಹದಿನಾರು. ಅಂದಿನಿಂದ ಅವನಿಗೆ ತಾಯಿಯೂ ಅವಳೇ, ತಂದೆಯೂ ಅವಳೇ. ಬೈಯುವುದಕ್ಕೆ ಹೆಂಡತಿ ಇಲ್ಲದ ಕೊರತೆಯನ್ನೂ ಅವಳೇ ತುಂಬಿಕೊಡುತ್ತಿದ್ದಳು.

"ಯಾಕಜ್ಜಿ ಬೇಡ?" ಎಂದು ಅಕ್ಕ ಕೇಳಿದಳು.

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನನ್ನ ಓರಗಿತ್ತಿ ಮಾಡಿಸಿದ್ದು. ನನ್ನ ಗಂಡ ನನ್ನ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳಲ್ಲ ಅಂತ ಅವಳಿಗೆ ಹೊಟ್ಟೆಯುರಿ. ಎಲ್ಲಿಂದಲೋ ಮಾಟ ಮಾಡಿಸ್ಕೊಂಡು ಬಂದು ಅಟ್ಟದಲ್ಲಿ ಇಟ್ಟಳು. ಒಂದಿನ, 'ಭಾವ, ಈ ಗೂಡು ಎಷ್ಟುದ್ದ ಇದೆ ಅಳೀಬೇಕು, ದಾರದ ತುದಿ ಹಿಡ್ಕೊಳ್ಳಿ' ಅಂದಳು. ಇವರು ಕೆಳಗೆ ನಿಂತು ಹಿಡ್ಕೊಂಡ್ರು. ಅವಳು ಮೇಲಿಂದ ಎಳೆದಳು. ದಾರ ಮೇಲೆ ಹೋದಷ್ಟೂ ಇವರೊಳಗೆ ಇದ್ದದ್ದೆಲ್ಲ ಅದರ ಹಿಂದೇನೇ ಹೋಯ್ತು ತಾಯಿ. ಸಂಜೆ ನನ್ನ ಮುಖ ನೋಡಿ 'ನೀವು ಯಾರಮ್ಮ?' ಅಂದ್ರು. ಆಮೇಲೆ ಹನ್ನೊಂದು ವರ್ಷ ಬದುಕಿದ್ರು. ಸಾಯೋವರೆಗೂ ನನಗೆ 'ನೀವು' ಅಂತಲೇ ಅಂದ್ರು."

"ಎಳೆದೋಳು ಏನಾದ್ಲು?"

"ಅವಳ ತಲೇಲಿ ಅವಳದ್ದೂ ಇತ್ತು, ಇವರದ್ದೂ ಇತ್ತು. ಎರಡು ಜನ ಒಂದು ತಲೇಲಿ ಸಂಸಾರ ಮಾಡೋಕಾಗುತ್ತಾ? ಹುಚ್ಚು ಹಿಡಿದು ಹೋದಳು."

ಫ್ಯೂಸು ಗೂಡಿನಿಂದ ತಲೆ ಹೊರಗೆ ತೆಗೆದ. ಮೂಗಿನ ತುದಿಗೆ ಮಸಿ ಹತ್ತಿತ್ತು. "ಅಜ್ಜೀ, ವಯಸ್ಸಾದ್ಮೇಲೆ ಮರೆವು ಬರೋದಕ್ಕೆ ಮಾಟ ಬೇರೆ ಮಾಡಿಸ್ಬೇಕಾ? ಪುಕ್ಕಟೆ ಬರುತ್ತೆ." ಅಜ್ಜಿಯ ಮುಖ ಸಣ್ಣಗಾದದ್ದನ್ನು ನೋಡಿ ಸ್ವರ ಬದಲಿಸಿದ. "ಆಯ್ತಾಯ್ತು, ಹೊರಗೋಡೆ ಮೇಲೇ ಹಾಕ್ತೀನಿ. ನೀವು ಡಾಕ್ಟರ ಹತ್ರ ಹೋಗ್ಬೇಕು ಅಂದ್ರಲ್ಲ, ಹೋಗ್ಬನ್ನಿ."

ಅಜ್ಜಿ ಗೇಟು ದಾಟಿದ್ದೇ ತಡ, ಅವನು ಪೈಪುಗಳನ್ನು ಒಳಗೆ ಎಳೆದು ತಂದ. ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಬೇಡ ಕಣೋ. ಹೇಳಿದ್ದಾರೆ ಅಂದ್ಮೇಲೆ ಸುಮ್ನೆ ಯಾಕೆ? ಕೆಳಗೆ ನಿಂತು ವೈರು ಹಿಡ್ಕೊಳ್ಳೋಳು ನಾನು."

"ನಿನ್ನ ನೆನಪು ಸ್ವಲ್ಪ ಕಮ್ಮಿಯಾದ್ರೆ ನನಗೇ ಒಳ್ಳೇದು ಬಿಡೇ. ನಾನು ಒಂದನೇ ಕ್ಲಾಸಲ್ಲಿ ಚಡ್ಡಿ ಒದ್ದೆ ಮಾಡ್ಕೊಂಡಿದ್ದನ್ನ ಹೋದ್ಹೋದಲ್ಲೆಲ್ಲ ಹೇಳ್ತೀಯ."

ಅವಳು ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟಳು. ಅದೇ ಅವಳ ದೌರ್ಬಲ್ಯ. ಇಪ್ಪತ್ತಾರು ವರ್ಷದಿಂದ ಅವನು ನಗಿಸಿದರೆ ಅವಳು ಸೋಲುತ್ತಿದ್ದಳು, ಸೋತು ಸೋತು ಅವನನ್ನು ಕೆಡಿಸಿಯೂ ಇಟ್ಟಿದ್ದಳು.

ಅಟ್ಟಕ್ಕೆ ಹತ್ತುವ ಕಿಂಡಿಯಲ್ಲಿ ಅವನ ಭುಜ ಒಂದೊಂದಾಗಿ ತೂರಬೇಕಾಯಿತು. ಮೇಲೆ ಹಗಲಿದ್ದೂ ಹಗಲಿರಲಿಲ್ಲ. ಕಾದ ತಗಡಿನ ಝಳ, ಬಾವಲಿಯ ಹಿಕ್ಕೆಯ ಘಾಟು, ಕಾಲು ತಗುಲಿದಲ್ಲೆಲ್ಲ ಎದ್ದು ಮೂಗಿಗೆ ಸೇರುವ ಧೂಳು. ನಡುವೆ ಕೂರುವಷ್ಟು ಎತ್ತರವಿದ್ದ ಮಾಡು ಗೂಡಿನ ಮೂಲೆಯತ್ತ ಇಳಿಯುತ್ತ ಇಳಿಯುತ್ತ ಮೊಳದಷ್ಟೇ ಉಳಿಯುತ್ತಿತ್ತು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹೊಟ್ಟೆಯ ಮೇಲೆ, ಮೊಣಕೈ ಊರಿ ತೆವಳಿದ. ಬೆನ್ನಿಗೆ ಮಾಡಿನ ಮರ ಒತ್ತುತ್ತಿತ್ತು, ಎದೆಗೆ ಹಲಗೆ ಒತ್ತುತ್ತಿತ್ತು. ಪೂರ್ತಿ ಉಸಿರು ಎಳೆದುಕೊಳ್ಳುವುದಕ್ಕೂ ಜಾಗವಿರಲಿಲ್ಲ.

ಗೂಡಿನ ಬಾಯಿಗೆ ಸಡಿಲವಾಗಿ ಇಟ್ಟಿದ್ದ ನಾಲ್ಕು ಇಟ್ಟಿಗೆ ಸರಿಸಿದ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಮಸಿಯ ವಾಸನೆ ಬರಬೇಕಿತ್ತು. ಬಂದದ್ದು ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆಯಲ್ಲಿನ ಬಟ್ಟೆಯ ವಾಸನೆ. ಬಾಯಿಯ ಮೇಲಂಚಿನಲ್ಲಿ ಗೋಡೆಗೆ ಬಡಿದ ಕೊಂಡಿಯಲ್ಲಿ ತಿರುಗುವಂಥ ಒಂದು ಕಬ್ಬಿಣದ ಬಳೆ. ಅದರ ಸುತ್ತ ಕಪ್ಪು ದಾರ, ದಾರದ ಸಂದಿನಲ್ಲಿ ಉದ್ದನೆಯ ಕೂದಲು, ಎಲ್ಲದರ ಮೇಲೆ ಮೇಣ ಬಳಿದು ಒಣಗಿಸಿತ್ತು. ಮೇಣದಲ್ಲಿ ಯಾರದೋ ಹೆಬ್ಬೆರಳಿನ ಗುರುತು ಇನ್ನೂ ಇತ್ತು.

ಬೇರೆ ಯಾರೇ ಆಗಿದ್ದರೂ ಹಿಂದೆ ಸರಿಯುತ್ತಿದ್ದರು. ಫ್ಯೂಸಿನ ಕಣ್ಣಿಗೆ ಕಂಡದ್ದು ವೈರು ಎಳೆಯಲು ಹೇಳಿಮಾಡಿಸಿದಂಥ ರಾಟೆ. ಪ್ಲಯರಿನಿಂದ ದಾರ, ಕೂದಲು ಎಲ್ಲವನ್ನೂ ಕತ್ತರಿಸಿ ಕೆರೆದು ಬಿಸಾಕಿದ. ಬಳೆ ಅಂಗೈಗೆ ಬೆಚ್ಚಗೆ ತಗುಲಿತು. ತಗಡಿನ ಬಿಸಿ, ಎಂದುಕೊಂಡ.

ಪೈಪುಗಳನ್ನು ಒಂದಕ್ಕೊಂದು ಅಂಟಿಸುತ್ತ ಕೆಳಗಿಳಿಸಿದ. ಅದರೊಳಗೆ ಸ್ಪ್ರಿಂಗ್ ಬಿಟ್ಟ. ವೈರನ್ನು ಎಳೆದು ತರುವ ಉಕ್ಕಿನ ಉದ್ದನೆಯ ತಂತಿ ಅದು. ಕೆಳಗೆ ಅಕ್ಕ ಅದರ ತುದಿಗೆ ಸರ್ವಿಸ್ ವೈರು ಕಟ್ಟಿ ಟೇಪು ಸುತ್ತಿದಳು. ಇಂಥ ಇಕ್ಕಟ್ಟಿನಲ್ಲಿ ಕೂಗಿದ್ದು ಕೇಳಿಸುವುದಿಲ್ಲವೆಂದು ಅವರಿಬ್ಬರದೂ ಒಂದು ಲೆಕ್ಕವಿತ್ತು: ಒಂದು ಜಗ್ಗಿದರೆ ನಿಲ್ಲು, ಎರಡು ಜಗ್ಗಿದರೆ ಎಳೆ. ಇನ್ನೊಂದು ನಿಯಮ ಅವನೊಬ್ಬನದು: ಪೈಪಿನೊಳಗೆ ಎಳೆದ ವೈರನ್ನು ನಡುವೆ ಕತ್ತರಿಸುವಂತಿಲ್ಲ. ಕತ್ತರಿಸಿದರೆ ಜಾಯಿಂಟ್ ಹಾಕಬೇಕು. ಪೈಪಿನೊಳಗೆ ಜಾಯಿಂಟ್ ಹಾಕುವವನು ಎಲೆಕ್ಟ್ರಿಷಿಯನ್ನೇ ಅಲ್ಲ ಎಂದು ಹೊಸಬರಿಗೆಲ್ಲ ಭಾಷಣ ಬಿಗಿಯುತ್ತಿದ್ದ.

ಎರಡು ಜಗ್ಗು ಬಂತು. ಸ್ಪ್ರಿಂಗನ್ನು ಬಳೆಯ ಮೂಲಕ ಹಾಯಿಸಿ ಎಳೆಯತೊಡಗಿದ.

ಸ್ಪ್ರಿಂಗ್ ಸಲೀಸಾಗಿ ಮೇಲೆ ಬಂದು ವೈರು ಕೈಗೆ ಸಿಕ್ಕಿತು. ಅದರ ಮೊದಲ ಒಂದು ಮಾರು ಬೆಣ್ಣೆಯಂತೆ ಬಂತು. ಪೈಪಿನ ಬಾಯಿಂದ ಅಕ್ಕನ ಸ್ವರ ಕೇಳಿಸಿತು. "ಊಟದ ಡಬ್ಬಿ ತಗೊಂಡ್ಯೇನೋ?"

"ತಗೊಂಡೆ ಕಣೇ, ಈಗ ಯಾಕೆ ಅದೆಲ್ಲ?" ಎಂದ. ಇನ್ನೊಂದು ಮಾರು ಎಳೆದ ಮೇಲೆ ನೆನಪಾಯಿತು. ಅವಳು ಅದನ್ನು ಕೇಳಿದ್ದು ಬೆಳಗ್ಗೆ, ಮನೆ ಬಿಡುವಾಗ.

ಪೈಪಿನಿಂದ ಅವಳ ತಲೆಗೆಣ್ಣೆಯ ವಾಸನೆ ಬಂತು. ಮತ್ತೆ ಸ್ವರ: "ಈ ಊರು ನನಗೆ ಹಿಡಿಸ್ಲೇ ಇಲ್ಲ. ಹೇಳಿದ್ರೆ ಪಾಪ, ಬೇಜಾರು ಮಾಡ್ಕೊಳ್ತಾನೆ." ಇದನ್ನು ಅವಳು ಅವನಿಗೆ ಎಂದೂ ಹೇಳಿರಲಿಲ್ಲ. ಅವನ ಕೈ ಒಂದು ಕ್ಷಣ ನಿಂತಿತು. ಕೆಳಗೆ ನಿಂತು ಏನೋ ಗೊಣಗುತ್ತಿದ್ದಾಳೆ ಅಂದುಕೊಂಡು ಮತ್ತೆ ಎಳೆದ.

ಕೆಳಗಿನಿಂದ ಒಂದು ಜಗ್ಗು. ನಿಲ್ಲು.

ಗಂಟೆ ಮೂರಾಗಿತ್ತು. ಅವನು ಎರಡು ಜಗ್ಗಿ ಉತ್ತರ ಕೊಟ್ಟ.

ಮತ್ತೆ ಒಂದು ಜಗ್ಗು, ಜೋರಾಗಿ. ಹಿಂದೆಯೇ, ಈ ಸಲ ಪೈಪಿನಿಂದಲ್ಲ, ಅಡುಗೆಮನೆಯಿಂದಲೇ, ಗೋಡೆ ನಡುಗುವಂತೆ ಅವಳ ಕೂಗು: "ವೈರು ಕತ್ತರ್ಸೋ! ನನ್ನ ಕೈಗೆ ಅಂಟ್ಕೊಂಡಿದೆ, ಬಿಡ್ತಿಲ್ಲ! ತಲೆ ಏನೋ ಆಗ್ತಿದೆ, ಕತ್ತರ್ಸೋ!"

"ಹುಚ್ಚಾ ನಿನಗೆ? ಇನ್ನು ಮೂರೇ ಮಾರು! ಗಟ್ಟಿಯಾಗಿ ಹಿಡ್ಕೋ!"

ಅಯ್ಯೋ ಮೂರ್ಖ. ಅಲ್ಲೇ ಕತ್ತರಿಸಿದ್ದರೆ ಏನು ಹೋಗುತ್ತಿತ್ತು? ಒಂದು ಊರಿನ ನೆನಪು, ಒಂದೆರಡು ವರ್ಷ. ಆದರೆ ಅವನಿಗೆ ತನ್ನ ನಿಯಮ ದೊಡ್ಡದಾಯಿತು. ಮುಷ್ಟಿಗೆ ವೈರು ಸುತ್ತಿಕೊಂಡು ಮೈಯೆಲ್ಲ ಬಲ ಹಾಕಿ ಎಳೆದ.

ಆಗ ಅವನು ತನ್ನನ್ನೇ ಕಂಡ. ಇಪ್ಪತ್ತರ ಹುಡುಗ, ಆಸ್ಪತ್ರೆಯ ಮಂಚದ ಮೇಲೆ, ಶಾಕ್ ಹೊಡೆದು ಬೆರಳು ಕಪ್ಪಾಗಿ ಬಿದ್ದಿದ್ದ. ಅವನನ್ನು ನೋಡುತ್ತಿದ್ದ ಕಣ್ಣು ಅವನದಾಗಿರಲಿಲ್ಲ. ಎದೆಯೊಳಗೆ ಎದ್ದ ಹರಕೆ, ಉಕ್ಕಿಬಂದ ಅಳು, ಯಾವುದೂ ಅವನದಲ್ಲ. ಇನ್ನೊಂದು ಮಾರು ಬಂತು, ಅವನು ಎಳೆಯದೆ. ಒಂದು ಕೋಣೆ, ಎದುರಿಗೆ ತಲೆ ತಗ್ಗಿಸಿ ಕೂತ ಒಬ್ಬ ಯುವಕ, ಅವನ ತಾಯಿ: "ಹುಡುಗಿ ಒಪ್ಪಿಗೆ. ಆ ತಮ್ಮ ಮಾತ್ರ ಜೊತೆಗೆ ಬೇಡ." ಬಾಗಿಲ ಸಂದಿಯಿಂದ ಇಣುಕುವ ಹನ್ನೆರಡು ವರ್ಷದ ಫ್ಯೂಸು. ಅಕ್ಕನ ಬಾಯಿಂದ ಬಂದ ನಗು. ನಗುವಿನ ಕೆಳಗೆ ಹರಿದದ್ದು ಏನೆಂದು ಈಗ, ಇಪ್ಪತ್ತು ವರ್ಷದ ಮೇಲೆ, ಅವನ ಎದೆಗೆ ಗೊತ್ತಾಯಿತು.

"ಅಕ್ಕಾ!" ಎಂದು ಕಿರುಚಿದ. "ಬಿಡು! ಕೈ ಬಿಡು!"

ಕೆಳಗಿನಿಂದ ಸ್ವರ ಬಂತು. ಎಳೆಯ, ಹೆದರಿದ ಸ್ವರ. "ಯಾರದು ಮೇಲೆ?"

ಬಳೆ ತಾನಾಗಿ ತಿರುಗುತ್ತಿತ್ತು. ವೈರು ತಾನಾಗಿ ಬರುತ್ತಿತ್ತು. ಅವನು ಕೈ ಬಿಡಲು ನೋಡಿದ. ಬಿಡಲಿಲ್ಲ. ಮುಷ್ಟಿಗೆ ಸುತ್ತಿದ ವೈರು ಚರ್ಮಕ್ಕೆ ಕಚ್ಚಿಕೊಂಡಿತ್ತು. ಬೆಚ್ಚಗೆ. ಒದ್ದೆಯಾಗಿ. ಸುರುಳಿ ಸುರುಳಿಯಾಗಿ ಅದು ಅವನ ಕುತ್ತಿಗೆಯ ಬಳಿ ಬೀಳುತ್ತಿತ್ತು. ಗೂಡಿನ ಅಂಚಿನಲ್ಲಿಟ್ಟಿದ್ದ ಟಾರ್ಚು ಜಾರಿ ಒಳಗೆ ಬಿತ್ತು. ಕತ್ತಲೆ. ಪ್ಲಯರು ಸೊಂಟದಲ್ಲಿತ್ತು, ಸೊಂಟ ಹೊಟ್ಟೆಯಡಿ ಸಿಕ್ಕಿತ್ತು. ಮೈ ಹೊರಳಿಸಲು ಜಾಗವಿಲ್ಲ. ಎಡಗೈಯನ್ನು ಹಲಗೆಗೂ ಪಕ್ಕೆಗೂ ನಡುವೆ ತುರುಕಿದ. ಚರ್ಮ ಸುಲಿಯಿತು. ತುರುಕಿದ.

ಪೈಪಿನೊಳಗಿಂದ ಒಂದು ಮಗು ಅಳುತ್ತಿತ್ತು. "ಅಕ್ಕಾ, ನೀ ಎಲ್ಲಿಗೆ ಹೋಗಿದ್ದೆ?"

ತನ್ನದೇ ಸ್ವರ. ಆರು ವರ್ಷದ ತನ್ನ ಸ್ವರ.

ಒಂದು ಬಸ್ ಸ್ಟ್ಯಾಂಡು. ಒಂದು ಬೆಂಚು. ಬೆಂಚಿನ ಮೇಲಿನ ಹುಡುಗನನ್ನು ಎರಡು ಕೈ ಬಾಚಿ ತಬ್ಬಿಕೊಂಡಿವೆ. ಇನ್ನೊಂದು ಮಾರು ಬಂತು, ನೆನಪು ಹಿಂದೆ ಸರಿಯಿತು. ಓಟ. ಚಪ್ಪಲಿಯಿಲ್ಲದ ಕಾಲು, ರಸ್ತೆಯ ಕಲ್ಲು, ಬಾಯಿ ತುಂಬ ಶಾಪ, ಶಾಪವೆಲ್ಲ ತನಗೇ. ಇನ್ನೂ ಹಿಂದೆ. ಚಲಿಸುವ ಬಸ್ಸು, ಕಿಟಕಿ, ನಿಲ್ಲಿಸಿ ಎಂದು ಕೂಗಲು ತೆರೆದ ಬಾಯಿ.

ಅವನಿಗೆ ನೆನಪಿದ್ದದ್ದು ಇಷ್ಟೇ: ಅಕ್ಕ ಬಿಸ್ಕತ್ತು ತರಲು ಹೋಗಿದ್ದಳು, ತಡವಾಗಿ ಬಂದಳು. ಬಿಸ್ಕತ್ತು ಬರೀ ನೆಪವಾಗಿತ್ತು. ಹದಿನಾರರ ಹುಡುಗಿ, ಹೊರಲಾರದ ಭಾರವನ್ನು ಬೆಂಚಿನ ಮೇಲಿಟ್ಟು ಬಸ್ಸು ಹತ್ತಿದ್ದಳು.

ಬೆರಳಿಗೆ ಪ್ಲಯರು ಸಿಕ್ಕಿತು. ಕಣ್ಣು ಕಾಣುತ್ತಿರಲಿಲ್ಲ. ವೈರು ಹುಡುಕಿದ. ಪ್ಲಯರಿನ ಬಾಯಿಗೆ ಸಿಕ್ಕಿಸಿದ. ಅಮುಕಿದ. ಜಾರಿತು. ಮತ್ತೆ ಅಮುಕಿದ. ಹಲ್ಲು ಕಚ್ಚಿ, ಅಳುತ್ತ, ಅಮುಕಿದ.

ತುಂಡಾಯಿತು.

ಅದೇ ಕ್ಷಣ ಬಳೆ ಠಣ್ಣೆಂದು ಎರಡು ಹೋಳಾಯಿತು. ಕತ್ತರಿಸಿದ ವೈರು ಪೈಪಿನೊಳಗೆ ಸರಸರನೆ ಇಳಿದು ಹೋದ ಸದ್ದು. ಆಮೇಲೆ ಕೆಳಗಿನಿಂದ ಒಬ್ಬ ಹುಡುಗಿಯ ಚೀರಾಟ.

ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಅಕ್ಕ ಒಲೆಯ ಕಟ್ಟೆಗೆ ಒರಗಿ, ತನ್ನ ಎರಡು ಕೈಗಳನ್ನು ಮುಖದಿಂದ ದೂರ ಹಿಡಿದು ನೋಡುತ್ತಿದ್ದಳು. ಕಾಯಿಗಟ್ಟಿದ ಅಂಗೈ, ನರ ಎದ್ದ ಮುಂಗೈ.

"ಇದು ಯಾರ ಕೈ? ಇದು ನನ್ನ ಕೈ ಅಲ್ಲ," ಎಂದಳು. ಬಾಗಿಲಲ್ಲಿ ನಿಂತ ಅವನನ್ನು ನೋಡಿ ಎದ್ದು ಓಡಿಬಂದಳು. ಅವನಿಗೆ ಜೀವ ಬಂದಂತಾಯಿತು.

"ಅಣ್ಣಾ," ಎಂದಳು ಅಕ್ಕ, "ಬಸ್ಸು ನಿಲ್ಸೋಕೆ ಹೇಳಿ ಅಣ್ಣಾ! ನನ್ನ ತಮ್ಮನ್ನ ಬೆಂಚಿನ ಮೇಲೆ ಬಿಟ್ಟು ಬಂದ್ಬಿಟ್ಟೆ!"

"ಅಕ್ಕಾ, ನಾನೇ ಕಣೇ. ನಾನೇ ನಿನ್ನ ತಮ್ಮ."

ಮೀಸೆ ಹೊತ್ತ, ಮಸಿ ಮೆತ್ತಿದ ಗಂಡಸನ್ನು ಅವಳು ಮೇಲಿಂದ ಕೆಳಗೆ ನೋಡಿದಳು. ಎರಡು ಹೆಜ್ಜೆ ಹಿಂದೆ ಸರಿದಳು. "ತಮಾಷೆ ಮಾಡ್ಬೇಡಿ ಅಣ್ಣಾ. ಅವನು ಇಷ್ಟೇ ಇಷ್ಟಿದ್ದಾನೆ," ಎಂದು ಸೊಂಟದ ಬಳಿ ಕೈ ಹಿಡಿದು ತೋರಿಸಿದಳು.

ಡಾಕ್ಟರ ಬಳಿಯಿಂದ ಬಂದ ಅಜ್ಜಿ ಹೊಸಿಲಲ್ಲೇ ನಿಂತಳು. ಕೇಳಲು ಏನೂ ಇರಲಿಲ್ಲ. ಅವನು ಅಜ್ಜಿಯ ಕಾಲಿಗೆ ಬಿದ್ದ. ವಾಪಸ್ ಕೊಡುವ ದಾರಿ ಹೇಳಿ, ನಾನು ಕೆಳಗೆ ನಿಲ್ಲುತ್ತೇನೆ, ಅಕ್ಕ ಮೇಲಿಂದ ಎಳೆಯಲಿ, ನನ್ನದೂ ಸೇರಿಸಿ ಎಲ್ಲವನ್ನೂ ತೆಗೆದುಕೊಳ್ಳಲಿ ಎಂದು ಗೋಗರೆದ. ಅಜ್ಜಿ ಅವನ ಕೈಯಲ್ಲಿದ್ದ ಬಳೆಯ ಹೋಳನ್ನು ನೋಡಿದಳು. "ಅದು ಇದ್ದಿದ್ರೆ ನೋಡಬಹುದಿತ್ತೇನೋ. ಒಡೆದ ಮೇಲೆ ಯಾವ ದಾರೀನಪ್ಪ?" ಎಂದು ಅಲ್ಲೇ ಕುಸಿದು ಕೂತು ಅತ್ತಳು. ನಾಲ್ಕಕ್ಕೆ ಸರಿಯಾಗಿ ಸಾಹೇಬರು ಬಂದು, ಅರ್ಧಕ್ಕೆ ನಿಂತ ಕೆಲಸ ನೋಡಿ, ಸೀಲು ಹಾಕದೆ ಹೊರಟುಹೋದರು.

ಈಗ ಅವನಿಗೆ ಎಲ್ಲ ಗೊತ್ತು. ಅವಳ ಕಾಲಿಗೆ ಚುಚ್ಚಿದ ಕಲ್ಲುಗಳೂ ಗೊತ್ತು, ಹಿಂತಿರುಗಿ ಬಂದು ತಬ್ಬಿಕೊಂಡಾಗ ಅವಳು ಮನಸ್ಸಿನಲ್ಲೇ ಮಾಡಿದ ಆಣೆಯೂ ಗೊತ್ತು. ಅವಳೊಳಗೆ ಉಳಿದಿರುವುದು ಬಿಟ್ಟುಹೋದದ್ದೊಂದೇ. ಹಿಂತಿರುಗಿದ್ದನ್ನು ಅವನು ತನ್ನ ಕೈಯಾರೆ ಎಳೆದುಕೊಂಡಿದ್ದ. ಅವಳ ಜಾಗದಲ್ಲಿ ಅವನೇ ಪ್ರತಿ ರಾತ್ರಿ ಆ ರಸ್ತೆಯಲ್ಲಿ ಬರಿಗಾಲಲ್ಲಿ ಓಡುತ್ತಾನೆ, ಬೆಳಗ್ಗೆ ಅಂಗಾಲು ಉರಿಯುತ್ತದೆ.

ದಿನವೂ ಅವಳು ಈ ಊರಿನ ಬಸ್ ಸ್ಟ್ಯಾಂಡಿಗೆ ಹೋಗುತ್ತಾಳೆ. ಊರು ಬೇರೆ ಎಂದರೆ ಅವಳಿಗೆ ತಿಳಿಯದು. ಅವನು ಕೆಲಸ ಬಿಟ್ಟು ಹಿಂದೆ ಹಿಂದೆಯೇ ಹೋಗುತ್ತಾನೆ. ಅವಳು ಪ್ರತಿ ಬೆಂಚಿನ ಮುಂದೆ ನಿಂತು, ಬೆಂಚಿನ ಕೆಳಗೂ ಬಗ್ಗಿ ನೋಡಿ, ಬಿಸ್ಕತ್ತಿನ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಮುಂದೆ ಹೋಗುತ್ತಾಳೆ. ತಿನ್ನು ಎಂದರೆ ತಿನ್ನುವುದಿಲ್ಲ, ಅದು ತಮ್ಮನಿಗೆ.

ಮೊನ್ನೆ ಅವಳು ತೀರಾ ಸೋತು ಅವನ ಪಕ್ಕದಲ್ಲಿ ಕೂತಳು. ಬಿಕ್ಕುತ್ತ ಕೇಳಿದಳು: "ಇಲ್ಲೊಬ್ಬ ಪುಟ್ಟ ಹುಡುಗ ಕೂತಿದ್ದ. ನೀವು ನೋಡಿದ್ರಾ ಅಣ್ಣಾ?"

ಅವನಿಗೆ ತಡೆಯಲಾಗಲಿಲ್ಲ. ಅವಳ ಒಂದು ದಿನದ ಸಂಕಟವಾದರೂ ಇಳಿಯಲಿ ಎನಿಸಿತು. ಸುಳ್ಳೂ ಅಲ್ಲವಲ್ಲ ಎಂದುಕೊಂಡು ಹೇಳಿದ: "ನೋಡಿದೆ. ಅವನ ಅಕ್ಕ ಓಡೋಡಿ ಬಂದು ತಬ್ಕೊಂಡು, ಕರ್ಕೊಂಡು ಹೋದ್ಲು. ನೀನು ಅಳ್ಬೇಡ."

ಅವಳ ಮುಖ ಒಂದು ಕ್ಷಣ ಅರಳಿತು. ಮರುಕ್ಷಣ ಬಣ್ಣವೆಲ್ಲ ಇಳಿದುಹೋಯಿತು.

"ಅವನ ಅಕ್ಕ ನಾನಲ್ವಾ?" ಎಂದಳು. "ನಾನು ಇಲ್ಲೇ ಇದ್ದೀನಿ. ಯಾರು ಬಂದು ಕರ್ಕೊಂಡು ಹೋಗಿದ್ದು ಅವನ್ನ?"

ಪೊಟ್ಟಣ ಕೈಜಾರಿ ಬಿತ್ತು. ಅವಳು ಎದ್ದು, ತಮ್ಮನನ್ನು ಯಾರೋ ಎತ್ತಿಕೊಂಡು ಹೋದರೆಂದು ಕೂಗುತ್ತ, ಬಸ್ಸುಗಳ ನಡುವೆ ಓಡಿದಳು.